ಶಿತಿಕಂಠ ಮಾಮನ ಹಲ್ಲಿನ ಸಂದು

ಶಿತಿಕಂಠ ಮಾಮನ ಮನೆಯ ನಡುಮನೆಯಲ್ಲಿ, ಗೋಡೆಯುದ್ದಕ್ಕೂ ಹದಿನಾಲ್ಕು ಫೋಟೋಗಳಿದ್ದವು. ಹದಿನಾಲ್ಕರಲ್ಲೂ ಮಾಮನ ಎಡಗೈ ಬಾಯಿಗೆ ಅಡ್ಡ. ಗೊತ್ತಿಲ್ಲದವರು ನೋಡಿದರೆ, ಆಡಬಾರದ್ದೇನನ್ನೋ ಆಡಿ ನಲವತ್ತು ವರ್ಷದಿಂದ ಬಾಯಿ ಮುಚ್ಚಿಕೊಂಡೇ ಕೂತಿರುವ ಮನುಷ್ಯ ಅಂದುಕೊಳ್ಳಬೇಕು. ಕೈ ಅಡ್ಡವಿಲ್ಲದ ಒಂದೇ ಒಂದು ಫೋಟೋ ಅವರ ಮದುವೆಯದು. ಅದರಲ್ಲಿ ಮಾಮ ಹೆದರಿ ತುಟಿ ಬಿಗಿದುಕೊಂಡಿದ್ದರು. ಅದು ದೇವರ ಕೋಣೆಯ ಬಾಗಿಲ ಮೇಲಿತ್ತು.

ಸಂಗತಿ ಇಷ್ಟೇ. ಮಾಮ ಮೋರ್ಸಿಂಗ್ ವಿದ್ವಾಂಸರು. ಮೋರ್ಸಿಂಗ್ ಅಂದರೆ ಅಂಗೈಯಲ್ಲಿ ಮುಚ್ಚಿಡಬಹುದಾದಷ್ಟು ಪುಟ್ಟ ಕಬ್ಬಿಣದ ವಾದ್ಯ. ಬಳೆಯೊಂದು ಬಾಯಿ ಬಿಟ್ಟು ಎರಡು ಕೈ ಮುಂದೆ ಚಾಚಿದ ಹಾಗೆ ಇರುತ್ತದೆ. ನಡುವೆ ಉಕ್ಕಿನ ತೆಳು ನಾಲಿಗೆ. ಆ ಚಾಚಿದ ಕೈಗಳನ್ನು ಎಡಗೈಯಿಂದ ಮುಂದಿನ ಹಲ್ಲುಗಳಿಗೆ ಒತ್ತಿ ಹಿಡಿದು, ಬಲಗೈಯ ತೋರುಬೆರಳಿನಿಂದ ನಾಲಿಗೆಯನ್ನು ಮೀಟಬೇಕು. ವಾದ್ಯದ್ದು ಅಂತ ಇರುವುದು ನಾಲಿಗೆಯೊಂದೇ; ಹಲ್ಲು, ದವಡೆ, ಉಸಿರು ಎಲ್ಲ ನುಡಿಸುವವನದು. ಮಾಮನ ಮೇಲಿನ ಎರಡು ಮುಂದಿನ ಹಲ್ಲುಗಳ ನಡುವೆ ಹುಟ್ಟಿನಿಂದಲೇ ಒಂದು ಸಂದಿತ್ತು. ಅದರಿಂದಾಗಿ ಅವರ ಪ್ರತಿ ಮೀಟಿನ ಬಾಲದಲ್ಲೂ, ಹೂವಿನೊಳಗೆ ಹೊಕ್ಕ ದುಂಬಿ ಒಂದು ಸುತ್ತು ಹಾಕಿ ಹೊರಬಂದಂಥ ಗುಂಜಾರವ ಕೇಳುತ್ತಿತ್ತು. ನಮ್ಮೂರಿನ ಸಂಗೀತ ಸಭೆಯವರು ಅದನ್ನು 'ಶಿತಿಕಂಠಯ್ಯನವರ ದುಂಬಿ' ಅನ್ನುತ್ತಿದ್ದರು.

ನಮ್ಮ ಮನೆಗೂ ಅವರ ಮನೆಗೂ ಒಂದೇ ಗೋಡೆ. ಬೆಳಗಿನ ಸಾಧಕ ಊಟದ ಹೊತ್ತಿನವರೆಗೆ ನಡೆಯುತ್ತಿತ್ತು. ಕೊನೆಗೆ ಅಡಿಗೆಮನೆಯಿಂದ ವಿಶಾಲತ್ತೆಯ ಕೂಗು: "ಸಾಕು ಬನ್ನೀ, ಹುಳಿ ತಣ್ಣಗಾಗತ್ತೆ!" ದಿನವೂ ಅದೇ ಮಾತು, ಅದೇ ಶ್ರುತಿ. ನನ್ನ ಮಿಮಿಕ್ರಿಯ ಅಕ್ಷರಾಭ್ಯಾಸವಾದದ್ದು ಆ ಗೋಡೆಗೆ ಕಿವಿಯಿಟ್ಟೇ. ಮೊದಲು ದುಂಬಿಯನ್ನು ಕಲಿತೆ, ಆಮೇಲೆ ಹುಳಿಯನ್ನು. ಅತ್ತೆಯ ದನಿಯಲ್ಲಿ ಅರ್ಧ ಗಂಟೆ ಮೊದಲೇ ಕೂಗಿಬಿಟ್ಟರೆ ಮಾಮ ಕೈಕಾಲು ತೊಳೆದು ಎಲೆಯ ಮುಂದೆ ಕೂರಲು ಹೋಗುತ್ತಿದ್ದರು. ಅಲ್ಲಿ ಅತ್ತೆ ಇನ್ನೂ ಹುರುಳಿಕಾಯಿ ಹೆಚ್ಚುತ್ತಿರುತ್ತಿದ್ದರು.

"ನಾನೆಲ್ಲಿ ಕರೆದೆ?"

"ಹಾಗಾದ್ರೆ ಪಕ್ಕದ ಮನೆ ಕತ್ತೆ ಕರೆದಿರಬೇಕು," ಅನ್ನುತ್ತಿದ್ದರು ಮಾಮ, ಗೋಡೆಗೆ ಕೇಳುವ ಹಾಗೆ. ಮರುಕ್ಷಣ ಮೋರ್ಸಿಂಗಿನಲ್ಲಿ ನನಗೆಂದೇ ಒಂದು ತುಂಟ ಮುಕ್ತಾಯ ಬಾರಿಸುತ್ತಿದ್ದರು. ನಾನು ಈ ಕಡೆಯಿಂದ ಗೋಡೆಗೆ ಬೆರಳು ತಟ್ಟಿ ಅದನ್ನು ಹಿಂತಿರುಗಿಸುತ್ತಿದ್ದೆ.

ಆ ಹಲ್ಲುಗಳು ಹೋದ ಬಗೆಯೇ ಒಂದು ದಂತಕಥೆ. ಘಟದ ರಾಮಧ್ಯಾನಿಗಳಿಗೆ, ತಾಳವಾದ್ಯದವರಷ್ಟೇ ನುಡಿಸುವ ತನಿ ಆವರ್ತನದ ಕೊನೆಯಲ್ಲಿ ಘಟವನ್ನು ಮೇಲಕ್ಕೆ ಎಸೆದು ಹಿಡಿಯುವ ಚಾಳಿಯಿತ್ತು. ಆ ಸಂಜೆ ಕಛೇರಿಗೆ ಮುಂಚೆ ಅವರು ನಾಲ್ಕು ಅಂಬೊಡೆ ತಿಂದು, ಕೈಯನ್ನು ಪಂಚೆಗೆ ಒರೆಸಿದ ಶಾಸ್ತ್ರ ಮಾಡಿ ವೇದಿಕೆಗೆ ಬಂದಿದ್ದರು. ಘಟ ಸರಿಯಾಗಿಯೇ ಮೇಲೆ ಹೋಯಿತು, ಸರಿಯಾಗಿಯೇ ಇಳಿಯಿತು, ಎಣ್ಣೆಗೈಯಿಂದ ಜಾರಿ ಪಕ್ಕದಲ್ಲಿದ್ದ ಮಾಮನ ಮುಷ್ಟಿಗೆ ಬಡಿಯಿತು. ಮುಷ್ಟಿಯೊಳಗಿದ್ದ ಕಬ್ಬಿಣ ಹಲ್ಲಿಗೆ ಬಡಿಯಿತು. ಇಂಥ ಹಲ್ಲೆಯನ್ನು ನಮ್ಮೂರು ಹಿಂದೆ ಕಂಡಿರಲಿಲ್ಲ. ಒಂದು ಹಲ್ಲು ಜಮಖಾನದ ಪಾಲಾಯಿತು. ಇನ್ನೊಂದನ್ನು ಮಾಮ ನುಂಗಿಬಿಟ್ಟಿದ್ದರು. ಘಟಕ್ಕೆ ಒಂದು ಕೂದಲೆಳೆಯ ಬಿರುಕೂ ಇರಲಿಲ್ಲ.

ಮೊದಲು ತೆಗೆದು ಹಾಕುವ ಹಲ್ಲಿನ ಸೆಟ್ ಮಾಡಿಸಿದರು. ಮೋರ್ಸಿಂಗ್ ಒತ್ತಿದರೆ ಅದು ಅಲ್ಲಾಡಿ, ಒಲೆಯ ಮೇಲೆ ಕುದಿಯುವ ಪಾತ್ರೆಯ ಮುಚ್ಚಳದ ಹಾಗೆ ತಟತಟಗುಟ್ಟಿತು. ಮಾಮ ಅದನ್ನು ಲೋಟದಲ್ಲಿಟ್ಟು, ವಾದ್ಯವನ್ನು ಪೆಟ್ಟಿಗೆಯಲ್ಲಿಟ್ಟರು. ಈಗ ವಾದ್ಯವಿಲ್ಲದೆಯೂ ಅವರ ಎಡಗೈ ಬಾಯಿಗೆ ಅಡ್ಡ ಬರತೊಡಗಿತು. ಹಾಲಿನವನ ಜೊತೆ ಮಾತಾಡುವಾಗಲೂ.

ಊರಿಗೆ ಹೊಸದಾಗಿ ಬಂದಿದ್ದ ದಂತವೈದ್ಯೆ ಡಾಕ್ಟರ್ ತಸ್ನೀಮ್, ಇಂಪ್ಲಾಂಟ್ ಹಾಕಿಸಿಕೊಳ್ಳಿ ಅಂದರು. ದವಡೆಯ ಮೂಳೆಗೆ ಎರಡು ಪುಟ್ಟ ಸ್ಕ್ರೂ ಕೂರಿಸುವುದು. ಮೂಳೆ ಅದನ್ನು ತಬ್ಬಿಕೊಳ್ಳಲು ನಾಲ್ಕು ತಿಂಗಳು ಕಾಯುವುದು. ಆಮೇಲೆ ಅದರ ಮೇಲೆ ಹಲ್ಲು. ಅಲುಗಾಡುವ ಮಾತೇ ಇಲ್ಲ. "ಇಂಪು ಪ್ಲಾಂಟ್ ಮಾಡ್ತಾರಂತೆ ಅತ್ತೆ, ಇನ್ನೇನು ಬೆಳೆ ಬಂದ ಹಾಗೇ," ಎಂದು ನಾನು ಕಾಂಪೌಂಡಿನಾಚೆಗೆ ಹೇಳಿದೆ. ಅತ್ತೆ ನಗಲಿಲ್ಲ.

"ಅವರು ಮತ್ತೆ ನುಡಿಸ್ತಾರಾ ಅಂತ ಹೇಳು. ನಿನ್ನ ಪದದಾಟ ಆಮೇಲಾಗಲಿ. ಆರು ತಿಂಗಳಾಯ್ತು, ಊಟಕ್ಕೆ ಕರೀಬೇಕಾಗೇ ಇಲ್ಲ ನಾನು. ಹನ್ನೆರಡಕ್ಕೇ ಬಂದು ಮಣೆ ಮೇಲೆ ಕೂತಿರ್ತಾರೆ."

ಆ ಕಾಯುವ ತಿಂಗಳುಗಳಲ್ಲಿ ನಾನು ಮಾಡಿದ ಪಾಪವನ್ನೂ ಹೇಳಬೇಕು. ಕಾಲೇಜಿನಲ್ಲಿ ನನಗದು ಕೊನೆಯ ವರ್ಷ. ವಾರ್ಷಿಕೋತ್ಸವಕ್ಕೆ ನನ್ನ ಮಿಮಿಕ್ರಿ ಇತ್ತು. ಪ್ರಿನ್ಸಿಪಾಲರನ್ನು ಮಾಡಿದೆ, ಬಸ್ ಕಂಡಕ್ಟರನನ್ನು ಮಾಡಿದೆ. ಚಪ್ಪಾಳೆ ತಲೆಗೇರಿತು. ಮಾಮನನ್ನೂ ಮಾಡಿಬಿಟ್ಟೆ. ಮೊದಲು ದುಂಬಿ. ಸಭೆ ಮೌನವಾಯಿತು. ನಮ್ಮಂಥವರಿಗೆ ಮೌನ ಹಿಡಿಸುವುದಿಲ್ಲವಲ್ಲ. ಕೂಡಲೇ ಹಲ್ಲು ಹೋದ ಮೇಲಿನ ಮಾಮನನ್ನು ತಂದೆ. ಬಾಯಿಗೆ ಕೈ ಅಡ್ಡ ಹಿಡಿದು 'ಸರಿಗಮ' ಅನ್ನಲು ಹೋಗಿ 'ಹರಿಗಮ' ಅಂದೆ. ಹಾಲ್ ಬಿದ್ದು ಬಿದ್ದು ನಕ್ಕಿತು. ದೀಪ ಹತ್ತಿದಾಗ ಮೂರನೆಯ ಸಾಲಿನಲ್ಲಿ ಅತಿಥಿಗಳ ನಡುವೆ ಒಂದು ಕುರ್ಚಿ ಖಾಲಿಯಿತ್ತು. ಅದರಲ್ಲಿ ಮಾಮ ಕೂತಿದ್ದರೆಂದು ಆಮೇಲೆ ತಿಳಿಯಿತು.

ಮರುದಿನದಿಂದ ಮಾಮ ನನ್ನೊಡನೆ ಮಾತಾಡಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಎದುರಾದರೆ ಕೈ ಬಾಯಿಗೆ ಹೋಗುತ್ತಿತ್ತು, ಕಣ್ಣು ನೆಲಕ್ಕೆ. ಕ್ಷಮೆ ಕೇಳಲು ಮೂರು ಸಲ ಅವರ ಬಾಗಿಲಿಗೆ ಹೋಗಿ, ಮೂರು ಸಲವೂ ಒಗ್ಗರಣೆಗೆ ಕರಿಬೇವು ಕೇಳಿ ವಾಪಸ್ಸು ಬಂದೆ.

ನಾಲ್ಕು ತಿಂಗಳಾಯಿತು. ಮೂಳೆ ಸ್ಕ್ರೂಗಳನ್ನು ಗಟ್ಟಿಯಾಗಿ ಹಿಡಿದಿತ್ತು. ಡಾಕ್ಟರ್ ಮೊದಲು ತಾತ್ಕಾಲಿಕ ಹಲ್ಲುಗಳನ್ನು ಕೂರಿಸಿದರು. ಅವು ಒಪ್ಪಿಗೆಯಾದರೆ ಅದೇ ಅಚ್ಚಿನಲ್ಲಿ ಶಾಶ್ವತದವು. ಮುತ್ತು ಪೋಣಿಸಿದಂಥ ಜೋಡಿ, ಹತ್ತು ವರ್ಷ ಚಿಕ್ಕವರಾಗಿ ಕಂಡರು ಮಾಮ. ಮರುದಿನ ಬೆಳಗ್ಗೆ ಗೋಡೆಯಾಚೆ ಪೆಟ್ಟಿಗೆ ತೆರೆದ ಸದ್ದು. ನಾನು ಚಹಾ ಬಿಟ್ಟು ಕಿವಿಯಿಟ್ಟೆ. ಮೋರ್ಸಿಂಗ್ ನುಡಿಯಿತು. ಸ್ಪಷ್ಟವಾಗಿ, ಚೊಕ್ಕವಾಗಿ, ಸ್ಟೀಲ್ ಲೋಟಕ್ಕೆ ಚಮಚ ತಾಗಿದ ಹಾಗೆ. ತಾಳ ಸರಿ, ಲೆಕ್ಕ ಸರಿ, ದುಂಬಿ ಇಲ್ಲ.

ಅಡಿಗೆಮನೆಯಿಂದ ವಿಶಾಲತ್ತೆಯ ದನಿ ಬಂತು: "ಯಾರ್ರೀ ಬಂದಿರೋದು? ಕಾಫಿಗಿಡ್ಲಾ?"

ಗೋಡೆಯಾಚೆ ಪೆಟ್ಟಿಗೆ ಮುಚ್ಚಿದ ಸದ್ದು ಕೇಳಿತು.

ಮುಂದಿನದು ಅತ್ತೆ ಕಾಂಪೌಂಡಿನ ಮೇಲಿಂದ ಹೇಳಿದ್ದು. ಮಾಮ ನೇರ ಆಸ್ಪತ್ರೆಗೆ ಹೋಗಿ, "ಡಾಕ್ಟ್ರೇ, ಹಲ್ಲು ಕೊಟ್ರಿ, ಸಂತೋಷ. ಇನ್ನು ಸಂದು ಕೊಡಿ," ಅಂದರಂತೆ.

"ಅಂಕಲ್, ಸಂದು ಮುಚ್ಚಿ ಅಂತ ಜನ ಕ್ಯೂ ನಿಲ್ತಾರೆ. ಸಂದು ಬೇಕು ಅಂತ ಬಂದೋರು ನೀವೇ ಮೊದಲು. ಎಷ್ಟಿತ್ತು?"

ಎಷ್ಟಿತ್ತು? ಯಾರಿಗೂ ಗೊತ್ತಿಲ್ಲ. ಹಲ್ಲುನೋವೇ ಬಾರದ ಮನುಷ್ಯನ ಎಕ್ಸ್‌ರೇ ಎಲ್ಲಿಂದ ಬರಬೇಕು? ಫೋಟೋ ತನ್ನಿ ಅಂದರೆ, ಅತ್ತೆ ಹದಿನಾಲ್ಕನ್ನೂ ಸೆರಗಿನಲ್ಲಿ ಒರೆಸಿ ಚೀಲದಲ್ಲಿ ಹಾಕಿಕೊಂಡು ಹೋದರು. ಡಾಕ್ಟರ್ ಹದಿನಾಲ್ಕು ಎಡಗೈಗಳನ್ನು ನೋಡಿದರು. ಹಳೆಯ ರೆಕಾರ್ಡಿಂಗುಗಳಲ್ಲಿ ಮೈಕು ಮೃದಂಗದ ಕಡೆಗಿತ್ತು. ದುಂಬಿ ಅದರಲ್ಲಿ ಸಾರಿನೊಳಗಿನ ಇಂಗಿನ ಹಾಗೆ, ಇದೆ ಅಂತ ಗೊತ್ತು, ತೆಗೆದು ತೋರಿಸಲಾಗದು.

"ನನ್ನ ನಾಲಿಗೆಗೆ ಗೊತ್ತು, ಇಷ್ಟಿತ್ತು," ಎಂದು ಮಾಮ ಬೆರಳಿನಲ್ಲಿ ತೋರಿಸಿದರಂತೆ.

"ನಾಲಿಗೇನ ನಂಬಬೇಡಿ ಅಂಕಲ್. ಅದು ಎಳ್ಳನ್ನ ಬೆಲ್ಲದಚ್ಚು ಅನ್ನುತ್ತೆ. ಇನ್ನೊಂದು, ನಿಜವಾದ ಹಲ್ಲಿನ ಬೇರಿಗೂ ಮೂಳೆಗೂ ನಡುವೆ ತೆಳು ಮೆತ್ತೆ ಇರುತ್ತೆ. ಈ ಸ್ಕ್ರೂಗೆ ಅದಿಲ್ಲ. ನಿಮ್ಮ ತಲೆಯೊಳಗೆ ಇನ್ನು ಮೇಲೆ ಬೇರೆ ಥರಾನೇ ಕೇಳೋದು. ಹೊರಗಿನಿಂದ ಕೇಳಿ, ಇದೇ ಅಂತ ಹೇಳೋರು ಯಾರಾದ್ರೂ ಬೇಕು."

ಇಷ್ಟು ಹೇಳಿ ಅತ್ತೆ ಧ್ವನಿ ತಗ್ಗಿಸಿದರು. "ನಾಳೆ ಹತ್ತು ಗಂಟೆಗೆ ಅಲ್ಲಿಗೆ ಬರಬೇಕಂತೆ ನೀನು."

"ನಾನಾ? ಯಾರು ಹೇಳಿದ್ದು?"

"ಇನ್ಯಾರು, ನಿಮ್ಮ ಮಾಮ."

ನಾನು ಆ ರಾತ್ರಿ ಎರಡು ಬಗೆಯ ಕ್ಷಮಾಪಣೆ ಬಾಯಿಪಾಠ ಮಾಡಿದೆ. ಬೆಳಗ್ಗೆ ಹೋದರೆ ಮಾಮ ಆ ದೊಡ್ಡ ಕುರ್ಚಿಯಲ್ಲಿ ಒರಗಿದ್ದರು, ಕೊರಳಿಗೆ ಹಸಿರು ಕಾಗದದ ಬಿಬ್, ಮುಷ್ಟಿಯಲ್ಲಿ ಮೋರ್ಸಿಂಗ್. ನನ್ನನ್ನು ನೋಡಲಿಲ್ಲ. ಡಾಕ್ಟರೇ ಹೇಳಿದರು:

"ಇವರ ಹಳೇ ಸೌಂಡ್ ನೀವು ಮಾಡ್ತೀರಂತೆ. ಮಾಡಿ. ಆಂಟಿ ಹೊರಗೆ ವೇಟಿಂಗ್ ರೂಮಲ್ಲಿ ಕೂತ್ಕೋತಾರೆ. ನಾನು ಸ್ವಲ್ಪ ಸ್ವಲ್ಪ ಉಜ್ಜಿ ಸಂದು ಮಾಡ್ತೀನಿ. ಅಂಕಲ್ ಒಂದು ಸಲ, ನೀವು ಒಂದು ಸಲ. ಯಾರು ಯಾವುದು ಅಂತ ಆಂಟಿಗೆ ತಿಳೀದೇ ಹೋದ್ರೆ ಕೆಲಸ ಮುಗೀತು."

ನಾನು ಗಂಟಲು ಸರಿಮಾಡಿಕೊಂಡು ದುಂಬಿಯನ್ನು ಬಿಟ್ಟೆ. ಪ್ರಾಯಶ್ಚಿತ್ತದ ಭರದಲ್ಲಿ ಅದಕ್ಕೆ ಸ್ವಲ್ಪ ಗಾಂಭೀರ್ಯ, ಸ್ವಲ್ಪ ಜೇನು ಸೇರಿಸಿ, ಸಭೆಯಲ್ಲಿ ಶಾಲು ಹೊದಿಸುವ ಹಾಗೆ ಮಾಡಿದೆ. ಮಾಮ ಮೊದಲ ಬಾರಿ ತಲೆ ಎತ್ತಿದರು.

"ಅದಲ್ಲ ಕಣೋ. ಮುಖಸ್ತುತಿ ಬೇಡ. ಕಾಲೇಜಲ್ಲಿ ಮಾಡಿದ್ಯಲ್ಲ, ಅದು ಮಾಡು."

ಕೊಠಡಿ ನನ್ನ ಸುತ್ತ ಚಿಕ್ಕದಾಯಿತು. "ಮಾಮ, ಅವತ್ತು ನಾನು... ಆ ಹರಿಗಮ..."

"ಯಾವ ಹರಿಗಮ? ನಾನದನ್ನ ಕೇಳ್ಲೇ ಇಲ್ಲ. ಜನ ಆಮೇಲೆ ಹೇಳಿದ್ರು. ಅದಕ್ಕೆ ನಿನ್ನ ಕಿವಿ ಹಿಂಡೋದು ಬಾಕಿ ಇದೆ, ಅದು ಬೇರೆ." ಮಾಮ ಬಿಬ್ಬಿನ ತುದಿಯನ್ನು ಮಡಿಸಿದರು, ಬಿಡಿಸಿದರು. "ದುಂಬಿ ಕೇಳಿದ ಕೂಡಲೇ ಎದ್ದು ಹೋದೆ ನಾನು. ನಲವತ್ತು ವರ್ಷ ನುಡಿಸಿದೀನಿ, ಅದು ಹೊರಗಿನಿಂದ ಹೇಗಿರುತ್ತೆ ಅಂತ ಒಂದು ದಿನ ಕೇಳಿದೋನಲ್ಲ. ಎಲ್ಲಾ ಬುರುಡೆಯೊಳಗೇ ಕೇಳಿದ್ದು. ಅವತ್ತು ನಿನ್ನ ಬಾಯಲ್ಲಿ ಕೇಳ್ದೆ. ಇಷ್ಟು ಚೆನ್ನಾಗಿತ್ತಾ ಅನ್ನಿಸ್ತು. ಅದು ಕೈಬಿಟ್ಟು ಹೋದ ಮೇಲೆ. ಮೂರನೇ ಸಾಲಲ್ಲಿ ಅತಿಥಿ ಅಂತ ಕೂತು ಅಳೋಕಾಗುತ್ತೇನೋ?"

"ಮತ್ತೆ ಇಷ್ಟು ದಿನ ಮಾತೇ ಆಡಲಿಲ್ಲ ನೀವು."

"ಆಡಿದ್ರೆ, ಇನ್ನೊಂದ್ಸಲ ಮಾಡೋ ಅಂತ ಕೇಳಿಬಿಡ್ತಿದ್ದೆ. ದಿನಾ ಕೇಳ್ತಿದ್ದೆ. ಹಂಗಾಗಬಾರದು ಅಂತ."

ಡಾಕ್ಟರ್ ತಸ್ನೀಮ್ ಮಾಸ್ಕನ್ನು ಸುಮ್ಮನೆ ಒಮ್ಮೆ ಸರಿಪಡಿಸಿಕೊಂಡರು.

ನಾನು ಕಣ್ಣು ಮುಚ್ಚಿದೆ. ಸಭೆಯನ್ನೂ ಮರೆತೆ, ಕುರ್ಚಿಯನ್ನೂ ಮರೆತೆ. ಸುಣ್ಣದ ವಾಸನೆಯ ಆ ಗೋಡೆಯೊಂದೇ ಕಿವಿಗೆ ತಣ್ಣಗೆ ತಾಗಿತು. ಕೇಳಿದ್ದನ್ನು ಕೇಳಿದ ಹಾಗೇ ಹೇಳಿದೆ, ನನ್ನದೇನೂ ಸೇರಿಸದೆ. ಅಂಥ ಮಿಮಿಕ್ರಿಯನ್ನು ನಾನು ಅದಕ್ಕೆ ಮುಂಚೆ ಮಾಡಿರಲಿಲ್ಲ.

"ಹ್ಞಾಂ," ಎಂದರು ಮಾಮ.

ಕೆಲಸ ಶುರುವಾಯಿತು. ಡಾಕ್ಟರ್ ಬ್ಲೇಡಿನಂಥ ತೆಳು ಚಕ್ರದಿಂದ ಎರಡು ಹಲ್ಲುಗಳ ನಡುವೆ ಒಂದು ಎಳೆ ತೆಗೆಯುವರು, ಮಾಮ ಬಾಯಿ ಮುಕ್ಕಳಿಸಿ ನುಡಿಸುವರು, ನಾನು ಅನುಕರಿಸುವೆ. ಹೊರಗಿನಿಂದ ಅತ್ತೆಯ ತೀರ್ಪು. "ಮೊದಲನೇದು ಅವರು, ಎರಡನೇದು ಆ ಕೋತಿ." ಮತ್ತೆ ಉಜ್ಜುವುದು. "ಈಗ್ಲೂ ಅಷ್ಟೇ." ಅಷ್ಟರಲ್ಲಿ ಕಾಯುತ್ತಿದ್ದ ರೋಗಿಗಳಿಗೂ ಇದು ಹಿಡಿದಿತ್ತು. ಕೆನ್ನೆ ಊದಿದ ಒಬ್ಬರು, "ಇಲ್ಲಮ್ಮಾ, ಎರಡನೇದೇ ವಿದ್ವಾಂಸರು," ಎಂದು ವಾದಕ್ಕಿಳಿದರು. ಒಮ್ಮೆ ಹೆಚ್ಚು ಉಜ್ಜಿ ದುಂಬಿ ಹೋಗಿ ಕಣಜ ಬಂತು. ಡಾಕ್ಟರ್ ಬಿಳಿಯದೇನನ್ನೋ ತುಂಬಿ ಗಟ್ಟಿಮಾಡಿ ಮೊದಲಿಂದ ಹಿಡಿದರು. ಮಾಮನ ಹಣೆಯಲ್ಲಿ ಬೆವರು. ಹನ್ನೊಂದೂವರೆಯಾಯಿತು.

ಏಳನೆಯದೋ ಎಂಟನೆಯದೋ ಸಲ, ಮಾಮ ಮೋರ್ಸಿಂಗನ್ನು ಹಲ್ಲಿಗೆ ಒತ್ತಿ ಮೀಟಿದರು. ಒಂದು ಮೀಟು. ಅದರ ಬಾಲದಲ್ಲಿ ಏನೋ ತಿರುಗಿತು. ಇನ್ನೊಂದು ಮೀಟು. ಮಾಮ ನಿಲ್ಲಿಸಲಿಲ್ಲ, ಪರೀಕ್ಷೆ ಮರೆತು ಒಂದು ಮುಕ್ತಾಯದ ಮೋರಾಕ್ಕೆ ಹೊರಟರು, ಅದು ಮುಗಿಯುವಷ್ಟರಲ್ಲಿ ಇನ್ನೊಂದು. ನನ್ನ ಸರದಿ ಬರಲೇ ಇಲ್ಲ.

ಆಗ ಕೇಳಿಸಿತು:

"ಸಾಕು ಬನ್ನೀ, ಹುಳಿ ತಣ್ಣಗಾಗತ್ತೆ!"

ಅದೇ ಮಾತು, ಅದೇ ಶ್ರುತಿ. ಮಾಮನ ಬೆರಳು ನಿಂತಿತು. ಅವರು ಕಣ್ಣು ಕೆಂಪಗೆ ಮಾಡಿ ನನ್ನತ್ತ ತಿರುಗಿದರು, ಈ ಹೊತ್ತಿನಲ್ಲೂ ಕತ್ತೆ ಬುದ್ಧಿ ಬಿಡಲಿಲ್ಲವಲ್ಲ ಎಂಬಂತೆ. ಡಾಕ್ಟರೂ ನನ್ನನ್ನೇ ನೋಡಿದರು. ನಾನು ಬಾಯಿ ಬಿಟ್ಟಿರಲಿಲ್ಲ. ಬಿಡಲು ಬರುವಂತೆಯೂ ಇರಲಿಲ್ಲ. ನನ್ನ ಎಡಗೈ ತಾನಾಗಿ ಬಂದು ಬಾಯಿಗೆ ಅಡ್ಡ ಕೂತಿತ್ತು.

ಹೊರಗೆ ಊದಿದ ಕೆನ್ನೆಯವರು ನೋವಿನ ನಡುವೆಯೇ ನಗುವುದು ಕೇಳಿತು. "ಅಯ್ಯೋ ನನ್ನ ಮಂಕುಬುದ್ಧಿಗೆ," ಅನ್ನುತ್ತ ವಿಶಾಲತ್ತೆ ಬಾಗಿಲಲ್ಲಿ ಬಂದು ನಿಂತರು. ಕೈಯಲ್ಲಿ ನಂಬರಿನ ಚೀಟಿ, ಕಣ್ಣಲ್ಲಿ ನೀರು. "ಎಲ್ಲಿದೀನಿ ಅಂತಲೇ ಮರೆತುಹೋಯ್ತು ನೋಡಿ."

ಮಾಮ ನಕ್ಕರು. ಬಾಯಿ ತುಂಬ, ಕೈ ಅಡ್ಡವಿಲ್ಲದೆ.

"ಅಲ್ಲಾಡಬೇಡಿ ಅಂಕಲ್, ಹಾಗೇ ಇರಿ!" ಡಾಕ್ಟರ್ ಕ್ಯಾಮೆರಾ ಹುಡುಕಿದರು. "ಈ ಅಳತೆ ನನಗೆ ಫೋಟೋದಲ್ಲಿ ಬೇಕು. ಇನ್ನೊಂದು ಸಲ ಹುಡುಕೋಕೆ ನನ್ನಿಂದಾಗಲ್ಲ."

ಅದೇ ಅಚ್ಚಿನಲ್ಲಿ ಶಾಶ್ವತದ ಹಲ್ಲು ಬಂದವು. ಮಾಮ ಮತ್ತೆ ಕಛೇರಿಗಳಲ್ಲಿ ಕೂತರು. ರಾಮಧ್ಯಾನಿಗಳಿಂದ ಮೂರು ಮೊಳ ದೂರದಲ್ಲಿ. ಬಾಕಿಯಿದ್ದ ಕಿವಿಯನ್ನೂ ಒಂದು ಭಾನುವಾರ ಸಾವಕಾಶವಾಗಿ ಹಿಂಡಿದರು.

ನಡುಮನೆಯ ಸಾಲಿನಲ್ಲಿ ಈಗ ಹದಿನೈದು ಫೋಟೋಗಳಿವೆ. ಕೊನೆಯದು ಆಸ್ಪತ್ರೆಯದು, ಕೊರಳಲ್ಲಿ ಇನ್ನೂ ಹಸಿರು ಕಾಗದವಿದೆ. ಅದನ್ನು ಕತ್ತರಿಸಿ ಕಟ್ಟು ಹಾಕಿಸೋಣ ಅಂದರೆ ಅತ್ತೆ ಒಪ್ಪಲಿಲ್ಲ. ಹದಿನಾಲ್ಕು ಕೈಗಳನ್ನು ದಾಟಿ ಬಂದ ಕಣ್ಣಿಗೆ ಅಲ್ಲಿ ಕೈ ಮಡಿಲಲ್ಲಿ ಸುಮ್ಮನೆ ಬಿದ್ದಿರುವುದು ಕಾಣುತ್ತದೆ. ಮೇಲೆ ನಗುವ ಬಾಯಿ. ಎರಡು ಬಿಳಿಯ ಹಲ್ಲುಗಳ ನಡುವೆ, ಒಂದು ಎಳ್ಳು ಹಿಡಿಸುವಷ್ಟು ಕತ್ತಲೆ.