ನೀಲಿ ಗೌನಿನ ಚೀಟಿ

ಏಸಿಯ ತಣ್ಣನೆ ಗಾಳಿ ಕುತ್ತಿಗೆಗೆ ತಾಗಿದಾಗೆಲ್ಲ ಎಲ್ಲಿಂದಲೋ ಇಸ್ತ್ರಿಯ ಬಿಸಿ ವಾಸನೆ, ಸೀರೆಯಿಂದಲೇ ಇರಬೇಕು, ಸ್ವರ್ಣಲತಾ ಸೆರಗು ಮೂಸಿ ನೋಡಿದಳು — ಹೌದು, ನಜ್ಮಾ ಬಡಾವಣೆಯ ಹೊಲಿಗೆ ಅಂಗಡಿಯೇ ಅವಳ ಜೊತೆ ಬಸ್ಸು ಹತ್ತಿ ಅಲ್ ಥುಮಾಮಾದ ಈ ಶಾಲೆಯ ಕೊನೆಯ ಸಾಲಿಗೆ ಬಂದು ಕೂತಿದೆ, ಹನ್ನೊಂದು ವರ್ಷ ಮೈಗಂಟಿದ್ದು ಇವತ್ತೊಂದು ದಿನ ಬಿಟ್ಟೀತೇ, ವೇದಿಕೆಯ ಮೇಲೆ ನೀಲಿ ಮಖಮಲ್ಲಿನ ಗೌನು ತೇಲುತ್ತಿದೆ, ಕುತ್ತಿಗೆಯ ಹತ್ತಿರ ಏನೋ ಬಿಳಿ, ದಾರವಿರಬೇಕು, ಗೌನಿನೊಳಗೆ ಮೋಕ್ಷಾ, ತನ್ನ ಮಗಳು, ನೂರೈವತ್ತು ವರ್ಷ ಹಿಂದಿನ ಇಂಗ್ಲಿಷ್ ಕಾದಂಬರಿಯ ದೊಡ್ಡಮನೆಯ ಹೆಂಗಸಿನ ಪಾತ್ರ, ಯಾರದೋ ಆಸ್ತಿ ಕೈಸೇರಿ ಲಂಡನ್ನಿಗೆ ಹೋದವಳು, ಬಟ್ಟೆ ಒಗೆಯುವ ತಾಯಿ ಹುಡುಕಿಕೊಂಡು ಬಂದರೆ ಅತಿಥಿಗಳೆದುರು ಈಕೆ ಯಾರೋ ಗೊತ್ತಿಲ್ಲ ಅನ್ನಬೇಕು, ಅಡುಗೆಮನೆಯಲ್ಲಿ ಅಭ್ಯಾಸಕ್ಕೆಂದು ಎಷ್ಟು ಸಲ ಅಂದಿಲ್ಲ, ನೀನೇ ವಾಷರ್‌ವುಮನ್ ಅಮ್ಮ, ಸುಮ್ನೆ ನಿಂತ್ರೆ ಸಾಕು, ನಿಂಗೆ ಡೈಲಾಗೇ ಇಲ್ಲ — ನಿಂತಿದ್ದಳು, ಕೈಯಲ್ಲಿ ಸೌಟು, ಇಬ್ಬರಿಗೂ ನಗು ತಡೆಯದೆ ಹಾಲು ಉಕ್ಕಿತ್ತು.

ಆ ನಗು ಈಗೆಲ್ಲಿ, ಅರ್ಧ ಗಂಟೆ ಹಿಂದೆ ಮೇಕಪ್ ಕೋಣೆಯಲ್ಲಿ ತಾನು ಮಂಡಿಯೂರಿ ಗೌನಿನ ಅಂಚು ಸರಿಮಾಡುತ್ತಿದ್ದಳು, ಬಾಯಲ್ಲಿ ಎರಡು ಗುಂಡುಸೂಜಿ, ಉರ್ಸುಲಾ ಟೀಚರು ಬಂದು ಎಷ್ಟು ಚಂದದ ಕೆಲಸ, ಯಾರಿವರು ಮೋಕ್ಷಾ ಅಂದರು, ಸುತ್ತ ಗೆಳತಿಯರು, ಅವರ ಅಮ್ಮಂದಿರ ಸೆಂಟಿನ ಘಮ, ಟೈಲರಿಂಗ್ ಆಂಟಿ ಮಿಸ್, ಅಂದಳು ಮೋಕ್ಷಾ — ಎಷ್ಟು ಸಲೀಸಾಗಿ ಬಂತು ಮಾತು, ಬಾಯಲ್ಲಿ ಸೂಜಿ ಇದ್ದದ್ದೇ ಒಳ್ಳೆಯದಾಯಿತು, ಕಂಡವರಿಗೆಲ್ಲ ಆಂಟಿ ಅನ್ನು ಮಗಾ ಅಂತ ಕಲಿಸಿದ್ದು ತಾನೇ ಅಲ್ಲವೇ, ಚಂದ ಮಾತ್ರ ಕಾಣುತ್ತಾಳೆ ಹಾಳಾದವಳು, ಯಾರ ದೃಷ್ಟಿಯೂ ತಾಗದಿರಲಿ, ಇಕೋ ವಾಷರ್‌ವುಮನ್ ಬಂದಳು, ಯಾರದೋ ಮಗಳು, ತಲೆಗೆ ಬಟ್ಟೆ ಸುತ್ತಿ ಸುಮ್ಮನೆ ನಿಂತಳು, ಐ ಡು ನಾಟ್ ನೋ ದಿಸ್ ವುಮನ್, ಮೋಕ್ಷಾ ಬೆನ್ನು ತಿರುಗಿಸಿದಳು — ಅಯ್ಯೋ ದೇವರೇ, ದಾರವಲ್ಲ, ಚೀಟಿ, ಕತ್ತರಿಸಿ ಆದಕೂಡಲೇ ಕೈ ತಾನಾಗಿ ಹೊಲಿಯುವ ಬಟ್ಟೆಯ ಚೂರು, ಗಿರಾಕಿಯ ಹೆಸರು, ನಂಬರು, ಕೊಡುವಾಗ ಕೀಳಬೇಕು, ಕೀಳಲಿಲ್ಲ, ಸೂಜಿ ಬಾಯಲ್ಲಿಟ್ಟುಕೊಂಡು ಎದ್ದು ಬಂದದ್ದಲ್ಲವೇ, ಟೈಲರಿಂಗ್ ಆಂಟಿಯಾದರೆ ಪರದೆಯ ಹಿಂದೆ ಓಡಬಹುದು, ಅಮ್ಮನಾದರೆ — ಮೋಕ್ಷಾಳ ಕೈ ಕುತ್ತಿಗೆಯ ಹಿಂದೆ ಬಂತು, ಬೆರಳಿಗೆ ಚೀಟಿ ಸಿಕ್ಕಿತು, ಕೀಳುತ್ತಾಳೆ, ಈಗ ಕೀಳುತ್ತಾಳೆ, ಯಾರೋ ಕಿಸಕ್ಕೆಂದರು, ಕೀಳಲಿಲ್ಲ, ಬೆರಳು ಹಿಡಿದುಕೊಂಡೇ ಇದೆ, ನಂಬರಿನ ಜಾಗದಲ್ಲಿ ಏನಿದೆಯೆಂದು ಇಷ್ಟು ದೂರಕ್ಕೆ ಕಾಣದು, ಕಾಣಬೇಕೇಕೆ, ಬರೆದವಳು ತಾನೇ, ದುಡ್ಡು ತೆಗೆದುಕೊಳ್ಳದ ಬಟ್ಟೆಗೆಲ್ಲ ಬರೆಯುವ ಹಾಗೆ, ನೀಲಿಯ ಮೇಲೆ ಆ ಬಿಳಿ ಚೂರು, ಚೂರಿನ ಮೇಲೆ ಮಗಳ ಬೆರಳು, ಬೆರಳಿನ ಕೆಳಗೆ ತನ್ನ ಸೊಟ್ಟ ಅಕ್ಷರ, ಮೋಕ್ಷಾ, ಮನೆಯದ್ದು.