ಮೈ ತಣ್ಣಗಾಗೇತಿ

ನನ್ನ ಕೆಲಸ ಏನೆಂದು ಊರವರಿಗೆ ತಿಳಿಸಿ ಹೇಳುವ ಆಸೆ ಬಿಟ್ಟು ವರ್ಷಗಳಾದವು. ಸೂರ್ಯನೊಳಗಿನ ಬೆಂಕಿಯನ್ನು ಭೂಮಿಯ ಮೇಲೆ ಹೊತ್ತಿಸುವ ಸಂಶೋಧನೆ, ಅದರಲ್ಲಿ ತಣ್ಣಗೆ ಮಾಡುವ ಕೆಲಸ ನನ್ನದು ಎಂದರೆ, "ಅಂದ್ರ ಫ್ರಿಜ್ ರಿಪೇರಿ ಏನವ್ವಾ?" ಎನ್ನುತ್ತಾರೆ. ಹೌದು ಎನ್ನುತ್ತೇನೆ. ನನ್ನ ಫ್ರಿಜ್ಜು ಸೊನ್ನೆಗಿಂತ ಇನ್ನೂರ ಅರವತ್ತೆಂಟು ಡಿಗ್ರಿ ಕೆಳಗೆ ಹೋಗುತ್ತದೆ, ಅಷ್ಟೇ ವ್ಯತ್ಯಾಸ.

ನನ್ನನ್ನು ಓದಿಸಿದವಳು ಅಕ್ಕ ರೇಣವ್ವ. ನಂದಗಡದ ಕುರುಬರ ಹುಡುಗಿಗೆ ಎಂಜಿನಿಯರಿಂಗ್ ಯಾಕೆ ಎಂದವರ ಬಾಯಿ ಮುಚ್ಚಿಸಿದವಳೂ ಅವಳೇ. ಮದುವೆಯಾಗಿ ಬೆಳಗಾವಿಯ ಅನಗೋಳಕ್ಕೆ ಹೋಗುವಾಗ ನನ್ನನ್ನೂ ಕರೆದುಕೊಂಡು ಹೋದಳು. ಅವಳ ಗಂಡ ಲಕ್ಷ್ಮಪ್ಪ ಮಾಮಾ ಒಂದು ದಿನವೂ ಮುಖ ಗಂಟು ಹಾಕಲಿಲ್ಲ.

ಎರಡು ಸಾವಿರದ ಇಸವಿಯ ನವೆಂಬರಿನಲ್ಲಿ ಅಕ್ಕ ಜ್ವರದಿಂದ ಆಸ್ಪತ್ರೆ ಸೇರಿದಳು. ನಾನು ಹೋಗಬೇಕಿತ್ತು. ಹೋಗಲಿಲ್ಲ. ಗುಜರಾತಿನ ನಮ್ಮ ಕೇಂದ್ರದಲ್ಲಿ ಆಗಷ್ಟೇ ಒಂದು ದೊಡ್ಡ ಕಾಂತದ ಸುರುಳಿಯನ್ನು ದ್ರವ ಹೀಲಿಯಂ ಹರಿಸಿ ತಣಿಸಲು ಶುರುಮಾಡಿದ್ದೆವು. ಅವಸರ ಮಾಡಿದರೆ ಲೋಹ ಎಲ್ಲೆಂದರಲ್ಲಿ ಕುಗ್ಗಿ ಬೆಸುಗೆ ಬಿಟ್ಟುಕೊಳ್ಳುತ್ತದೆ. ತಾಸಿಗೆ ಇಷ್ಟೇ ಡಿಗ್ರಿ ಎಂದು ದಿನಗಟ್ಟಲೆ ಕಾಯಬೇಕು. ಹಿರಿಯ ಎಂಜಿನಿಯರ್ ನಾನೇ. ನಾನಿಲ್ಲದಿದ್ದರೆ ನಡೆಯುವುದಿಲ್ಲ ಎಂಬ ಸೊಕ್ಕೂ ಇತ್ತು, ಸುಳ್ಳೇಕೆ ಹೇಳಲಿ.

"ಹೆಚ್ಚಾತಂದ್ರ ಫೋನ್ ಮಾಡ್ರಿ ಮಾಮಾ. ಎಲ್ಲಾ ಬಿಟ್ಟು ಬರ್ತೀನಿ," ಎಂದಿದ್ದೆ.

ಮಾಮಾ ದಿನಾ ಬೂತಿನಿಂದ ಫೋನ್ ಮಾಡಿ ಅದೇ ಹೇಳುತ್ತಿದ್ದರು: "ಮೈ ಸುಡಾಕತ್ತೈತಿ." ಒಂಬತ್ತು ದಿನ ಅದೇ ಮಾತು. ಇಲ್ಲಿ ನಮ್ಮ ಕಂಟ್ರೋಲ್ ರೂಮಿನಲ್ಲೂ ಒಂದೇ ಮಾತು: "ಥಂಡಾ ಹುವಾ?" ತಣ್ಣಗಾಯಿತೇ ಎಂದು ಒಳಗೆ ಬಂದವರೆಲ್ಲ ಕೇಳುತ್ತಿದ್ದರು.

ಹತ್ತನೆಯ ದಿನ ಮಧ್ಯಾಹ್ನ ಸುರುಳಿ ತಣ್ಣಗಾಯಿತು. ಎಲ್ಲರೂ ಚಪ್ಪಾಳೆ ತಟ್ಟುತ್ತಿರುವಾಗಲೇ ಫೋನ್ ಬಂತು.

"ಪಮ್ಮಿ, ಮೈ ತಣ್ಣಗಾಗೇತಿ," ಎಂದರು ಮಾಮಾ. "ನೀ ಬಾ."

"ಭಾಳ ಚಲೋ ಆತು ನೋಡ್ರಿ!" ಎಂದು ಕೂಗಿದೆ, ಗದ್ದಲದಲ್ಲಿ ಕೇಳಲೆಂದು. "ಇಲ್ಲಿ ಪರೀಕ್ಷೆ ಮುಗಿಸಿ ಬರ್ತೀನಿ."

ಮಾಮಾ ಫೋನ್ ಇಟ್ಟರು. ಜ್ವರ ಇಳಿಯಿತಲ್ಲ, ಇನ್ನು ದಿನಾ ಫೋನ್ ಯಾಕೆ ಎಂದುಕೊಂಡು ಆ ರಾತ್ರಿ ನೆಮ್ಮದಿಯಿಂದ ಮಲಗಿದೆ.

ಅದಾದ ಐದು ದಿನಕ್ಕೆ ಅಕ್ಕನಿಗೊಂದು ತೆಳು ಹತ್ತಿಯ ಸೀರೆ ಹಿಡಿದು ಬೆಳಗಾವಿಯಲ್ಲಿ ಇಳಿದೆ. ಅನಗೋಳದ ಮನೆಗೆ ಬೀಗ. ಬಾಜು ಮನೆಯ ಮಾಯಕ್ಕ ಹೊರಗೆ ಬಂದವಳು ನನ್ನನ್ನು ನೋಡಿ ಬಾಯಿಗೆ ಸೆರಗು ಒತ್ತಿದಳು.

"ಎಲ್ಲಾರೂ ನಂದಗಡಕ್ಕ ಹೋಗ್ಯಾರವ್ವ. ಮಣ್ಣು ಮಾಡಿ ನಾಕು ದಿನ ಆತು. ನಿನಗ ಫೋನ್ ಹತ್ತಲಿಲ್ಲಂತ?"

ಫೋನ್ ಹತ್ತಿತ್ತು. ಹೆಂಡತಿ ಸತ್ತಳು ಎನ್ನಲು ಬಾಯಿ ಬಾರದ ಮನುಷ್ಯ, ಅವಳ ಕೈ ಹಿಡಿದಾಗ ಏನು ತಿಳಿಯಿತೋ ಅಷ್ಟನ್ನೇ ಹೇಳಿದ್ದ. ಅದಕ್ಕೆ ನಾನು ಚಲೋ ಆತು ಎಂದಿದ್ದೆ. ಮಾಯಕ್ಕನ ಕಟ್ಟೆಯ ಮೇಲೆ ಕುಸಿದು ಬೋರಾಡಿ ಅತ್ತೆ.

ಖಾನಾಪುರದವರೆಗೆ ಬಸ್ಸು, ಅಲ್ಲಿಂದ ಟೆಂಪೊ. ನಂದಗಡದ ಮನೆಯಲ್ಲಿ ಮಾಮಾ ನನ್ನನ್ನು ಹಿತ್ತಲಿಗೆ ಕರೆದರು. ಒಂದೇ ವಾರದಲ್ಲಿ ಅರ್ಧ ಆಗಿದ್ದರು.

"ನೀ ಚಲೋ ಆತು ಅಂದಿದ್ದು ನಾ ಯಾರಿಗೂ ಹೇಳಿಲ್ಲ," ಎಂದರು ಮೆಲ್ಲಗೆ. "ಫೋನ್ ಹತ್ತಲಿಲ್ಲ ಅಂದೀನಿ. ಆಕಿ ಒದ್ದಾಟ ಮುಗೀತು ಅಂತ ಅಂದಿರಬೇಕು ನೀ. ಹಂಗಂದ್ರೂ ಬಂದ ಬರ್ತಿ ಅಂತ ಮರುದಿನ ಹೊತ್ತು ಮುಳುಗೂತನಕ ಇಟ್ಕೊಂಡು ಕುಂತಿದ್ವಿ. ಯಾಕ ಬರಲಿಲ್ಲವ್ವಾ?"

ಖರೇ ಸಂಗತಿ ನಾಲಿಗೆಯ ತುದಿಗೆ ಬಂತು. ಹೇಳಿದರೆ ನನ್ನ ಮೇಲಿನ ತಪ್ಪು ಇಳಿಯುತ್ತಿತ್ತು. ಆದರೆ ತಾನಾಡಿದ ಒಂದು ಮಾತಿನಿಂದ ತಂಗಿಗೆ ಅಕ್ಕನ ಮುಖ ಸಿಗಲಿಲ್ಲ ಎಂಬುದನ್ನು ಈ ಮನುಷ್ಯ ಉಳಿದ ಜನ್ಮವೆಲ್ಲ ಹೊರಬೇಕಾಗುತ್ತಿತ್ತು.

"ಕೆಲಸ ಇತ್ರಿ, ಮಾಮಾ," ಎಂದೆ.

ಅವರು ನಂಬಿದರು.