ತೂಕದ ಚಪ್ಪಡಿ

ಪರ್ಕಳದ ವಾರ್ಡಿನಿಂದ ದೀಕ್ಷಿತಾ ನಗರಸಭೆಯ ಸದಸ್ಯೆಯಾದ ಮೇಲೆ ಬೆಳಗಾದರೆ ಅವಳ ಮನೆಯ ಜಗಲಿಯಲ್ಲಿ ಕಾಲಿಡಲು ಜಾಗವಿಲ್ಲ. ಬೀದಿದೀಪ ಉರಿಯದವರು, ನಳ್ಳಿಯಲ್ಲಿ ನೀರು ಬಾರದವರು, ಪಕ್ಕದ ಮನೆಯ ತೆಂಗಿನ ಮರದ ಮೇಲೆ ಸಿಟ್ಟಿರುವವರು, ಎಲ್ಲರೂ ಬರುತ್ತಾರೆ. ತಾಯಿ ಬೇಬಿಗೆ ಚಹಾ ಮಾಡಿ ಮಾಡಿ ಸುಸ್ತು. ಬಂದವರ ಕೆಲಸವನ್ನು ದೀಕ್ಷಿತಾ ಓಡಾಡಿ ಮಾಡಿಸುತ್ತಾಳೆ, ಅದರಲ್ಲಿ ಎರಡು ಮಾತಿಲ್ಲ. ಒಬ್ಬರದ್ದನ್ನು ಬಿಟ್ಟು.

ಆ ಒಬ್ಬರು ಕರುಣಾಕರ. ಹಿಂದೆ ಇದೇ ವಾರ್ಡಿನ ಸದಸ್ಯರಾಗಿದ್ದವರು. ಮನೆಯವರೆಗೆ ವಾಹನ ಬರುವಂಥ ದಾರಿ ಮಾಡಿಸಿಕೊಡಿ ಎಂದು ಬೇಬಿ ಅಂದು ಅವರ ಮನೆಗೆ ನಡೆದು ಚಪ್ಪಲಿ ಸವೆಸಿದ್ದಳು. ಅವಳ ಗಂಡ ಎದುರು ಪಕ್ಷಕ್ಕೆ ಪ್ರಚಾರ ಮಾಡಿದ್ದ ಎಂಬ ಕಾರಣಕ್ಕೆ ಪ್ರತಿ ಸಲವೂ ಸಿಕ್ಕಿದ್ದು ತುಳುವಿನ ಒಂದೇ ಪದ: ‘ತೂಕ.’ ನೋಡುವಾ ಎಂದು ಅರ್ಥ. ಮಾಡುವುದಿಲ್ಲ ಎನ್ನಲು ಧೈರ್ಯವಿಲ್ಲದ ನಮ್ಮೂರಿನವರ ಮರ್ಯಾದೆಯ ಮಾತು ಅದು. ಒಂದು ದಿನ ದೀಕ್ಷಿತಾಳ ಅಪ್ಪನಿಗೆ ಎದೆನೋವು ಬಂತು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಮುಖ್ಯರಸ್ತೆಯವರೆಗೆ ಹೊತ್ತರು. ಮಣಿಪಾಲದ ಆಸ್ಪತ್ರೆಗೆ ಮುಟ್ಟಿಸುವಾಗ ಜೀವ ಇರಲಿಲ್ಲ.

ಹಾಗಾಗಿ ಕರುಣಾಕರ ಅವಳ ಜಗಲಿ ಹತ್ತಿ ಬಂದಾಗ ಅವಳಿಗೆ ಸಂತೋಷವಾಯಿತು. ಸುಳ್ಳು ಯಾಕೆ, ಬಹಳ ಸಂತೋಷವಾಯಿತು.

“ನಮ್ಮ ಓಣಿಯ ಮೋರಿಯ ಚಪ್ಪಡಿ ತುಂಡಾಗಿದೆ, ಮಗಾ. ಒಂದು ರಿಕ್ಷಾ ಸಹ ಒಳಗೆ ಬರುವುದಿಲ್ಲ. ಕೆಲಸ ಮಂಜೂರಾಗಿ ಉಂಟಂತೆ, ನೀನೊಂದು ಮಾತು ಹೇಳಿದರೆ ಸಾಕಂತೆ.”

“ತೂಕ, ಕರುಣಾಕರಣ್ಣ.”

ಅವರ ಮುಖ ಇಳಿಯಿತು. “ನನ್ನ ಮೇಲೆ ಸಿಟ್ಟಿದ್ದರೆ ಇರಲಿ. ತಪ್ಪು ನನ್ನದೇ. ಆದರೆ ಪಕ್ಕದ ಮನೆ ಜುಬೈದಾನ ಮಗಳು ಫರ್ಝಾನಾ ಹೆರಿಗೆಗೆ ಬಂದಿದ್ದಾಳೆ. ಇವತ್ತೋ ನಾಳೆಯೋ ಅನ್ನುವ ಹಾಗೆ ಉಂಟು.”

“ಈಗ ನಿಮಗೆ ಬೇರೆಯವರ ಮಗಳ ನೆನಪಾಯಿತಾ? ನಿಮ್ಮ ಮನೆಯಲ್ಲಿ ಕುರ್ಚಿ ಉಂಟಲ್ಲ. ಕೂರಿಸಿ ಹೊತ್ತುಕೊಂಡು ಬನ್ನಿ.”

ಕರುಣಾಕರ ಮೆಲ್ಲನೆ ಮೆಟ್ಟಿಲಿಳಿದು ಹೋದರು. ಬೇಬಿ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

“ಜುಬೈದಾ ನಿನಗೆ ಎಂತ ಮಾಡಿದ್ದಾಳೆ?”

“ಅಮ್ಮಾ, ನಿನಗೆ ಮರೆತಿರಬಹುದು. ನನಗೆ ಮರೆತಿಲ್ಲ.”

“ನನಗೆ ಮರೆತದ್ದಾ? ಆ ಕುರ್ಚಿಯ ಒಂದು ಕಾಲು ಹಿಡಿದದ್ದು ನಾನು ಮಾರಾಯ್ತಿ!”

ಅಷ್ಟರಲ್ಲಿ ಫೋನ್ ಬಂತು. ನಗರಸಭೆಯ ಹೊಸ ಇಂಜಿನಿಯರ್. ಮುಧೋಳದ ಕಡೆಯವರು, ಉಡುಪಿಗೆ ಬಂದು ತಿಂಗಳಾಗಿರಲಿಲ್ಲ.

“ಮೇಡಂ, ಕರುಣಾಕರ ಅವರ ಓಣ್ಯಾಗಿನ ಮೋರಿಗೆ ಹಗೂರ ಚಪ್ಪಡಿ ಹಾಕೂಣೋ, ಭಾರದ್ದು ಹಾಕೂಣೋ?”

ಅಮ್ಮನ ಮಾತಿನಿಂದ ಉರಿಯುತ್ತಿದ್ದ ದೀಕ್ಷಿತಾ ಕರುಣಾಕರ ಎಂಬ ಹೆಸರನ್ನು ಬಿಟ್ಟು ಬೇರೇನನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. “ತೂಕ ಸಾರ್, ತೂಕ,” ಎಂದು ಫೋನ್ ಇಟ್ಟಳು.

ಮರುದಿನ ಅವಳು ಮದುವೆಗೆಂದು ಕಾರ್ಕಳಕ್ಕೆ ಹೋದಳು. ರಾತ್ರಿ ಅಲ್ಲೇ ಉಳಿದು ಬೆಳಗ್ಗೆ ಬಂದರೆ, ಕರುಣಾಕರರ ಓಣಿಗೆ ನಿನ್ನೆಯೇ ಕ್ರೇನ್ ಬಂದು ಚಪ್ಪಡಿ ಇಟ್ಟಾಯಿತು ಎಂಬ ಸುದ್ದಿ. ಸೀರೆಯನ್ನೂ ಬದಲಿಸದೆ ಸ್ಕೂಟರ್ ಹತ್ತಿದಳು. ತನ್ನನ್ನು ಕೇಳದೆ ಮಾಡಿಸಿದವರ ಗ್ರಹಚಾರ ಬಿಡಿಸಬೇಕಿತ್ತು.

ಓಣಿಯ ಬಾಯಲ್ಲಿ ಹತ್ತಾರು ಜನ ಇದ್ದರು. ಅವಳು ಬಾಯಿ ತೆರೆಯುವ ಮೊದಲೇ ಜುಬೈದಾ ಬಂದು ಅವಳ ಎರಡೂ ಕೈ ಹಿಡಿದುಕೊಂಡಳು.

“ನಿನ್ನ ಹೊಟ್ಟೆ ತಣ್ಣಗಿರಲಿ. ನಿನ್ನೆ ಸಂಜೆ ಫರ್ಝಾನಾನಿಗೆ ರಕ್ತ ಹೋಗಲಿಕ್ಕೆ ಶುರುವಾಯಿತು. ಕಾರು ಬಾಗಿಲಿಗೇ ಬಂತು. ಇನ್ನು ಸ್ವಲ್ಪ ತಡವಾಗಿದ್ದರೆ ಇಬ್ಬರೂ ಇರುತ್ತಿರಲಿಲ್ಲ ಅಂದರು ಡಾಕ್ಟರು.”

ದೀಕ್ಷಿತಾ ಚಪ್ಪಡಿಯ ಪಕ್ಕ ನಿಂತಿದ್ದ ಇಂಜಿನಿಯರನ್ನು ಕೇಳಿದಳು, “ಇದನ್ನು ಹಾಕಲು ಯಾರು ಹೇಳಿದ್ದು?”

“ನೀವಽ ಹೇಳಿದ್ರಲ್ಲ ಮೇಡಂ, ತೂಕ ತೂಕ ಅಂತ ಎರಡ್ ಸಲ. ಅದಕ್ಕ ಲಾರಿ ಹೋದ್ರೂ ಅಳ್ಳಾಡಬಾರದು, ಅಂಥಾದ್ದು ಹಾಕ್ಸೀನಿ.”

ತುಳು ಬಲ್ಲವರೆಲ್ಲ ದೀಕ್ಷಿತಾಳ ಕಡೆ ತಿರುಗಿದರು. ಯಾರೋ ಒಬ್ಬ ನಗು ತಡೆಯಲು ಕೆಮ್ಮಿದ. ಜುಬೈದಾಳ ಹಿಡಿತ ಸಡಿಲವಾಯಿತು. ಇಂಜಿನಿಯರ್ ಎಲ್ಲರ ಮುಖ ನೋಡಿ, “ಯಾಕ್ರಿ, ತೂಕ ಅಂದ್ರ ಬ್ಯಾರೆ ಏನಾರ ಐತೇನ್ರಿ?” ಎಂದರು.

ಹಿಂದೆ ನಿಂತಿದ್ದ ಕರುಣಾಕರ ಮುಂದೆ ಬಂದರು. “ಇಲ್ಲ ಸಾರ್. ತೂಕ ಎಂದರೆ ಭಾರವೇ. ದೀಕ್ಷಿತಾ ಸರಿಯಾಗಿಯೇ ಹೇಳಿದ್ದಾಳೆ.”

ಇಡೀ ಓಣಿಯ ಎದುರು ಅವಳ ಮಾನ ತೆಗೆಯಬಹುದಿತ್ತು ಅವರು. ತೆಗೆಯಲಿಲ್ಲ. ಅದಕ್ಕೂ ದೀಕ್ಷಿತಾಳಿಗೆ ಮೈ ಉರಿಯಿತು. ಇವರ ಮೇಲಿನ ಸಿಟ್ಟು ಅವಳಿಗೆ ಹೋಗಿರಲಿಲ್ಲ, ಹೋಗುವಂಥದ್ದೂ ಅಲ್ಲ. ಆದರೆ ಇವರ ದಾನದ ಮರ್ಯಾದೆ ತನಗೆ ಬೇಡ ಎನಿಸಿತು. ಜುಬೈದಾಳ ಕಣ್ಣಲ್ಲಿನ್ನೂ ನೀರಿತ್ತು.

“ಅಲ್ಲ ಸಾರ್,” ಎಂದಳು. “ತುಳುವಿನಲ್ಲಿ ತೂಕ ಎಂದರೆ ನೋಡುವಾ ಎಂದು. ಈ ಕೆಲಸ ಆಗಬಾರದು ಎಂದೇ ನಾನು ಹಾಗೆ ಹೇಳಿದ್ದು. ಫರ್ಝಾನಾ ಈ ಓಣಿಯ ಒಳಗಿದ್ದಾಳೆ ಎಂದು ಗೊತ್ತಿದ್ದೇ ಹೇಳಿದ್ದು.”

ಜುಬೈದಾ ಅವಳ ಕೈಗಳನ್ನು ಬಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡಳು. ಮನೆಯ ಕಡೆ ನಾಲ್ಕು ಹೆಜ್ಜೆ ಹೋದವಳು ನಿಂತಳು.

“ಮಗು ಹೆಣ್ಣು,” ಎಂದಳು ತಿರುಗದೆಯೇ. “ನೋಡಲು ಬಾ. ಇವತ್ತು ಬೇಡ.”